ಹಳದಿ ಬಾರದ ಪ್ರಿಂಟರ್

"ಹಲೋ… ಹಾಂ, ಯಾರು ಮಾತಾಡ್ತಿರೋದು?… ಯಾರು?… ಸ್ವಲ್ಪ ಜೋರಾಗಿ ಹೇಳಿ, ಇಲ್ಲಿ ಮೆಷೀನ್ ಓಡ್ತಿದೆ…"

…

"ಓ, ಅಕ್ಕ… ನೀನಾ. ನಂಬರ್ ನೋಡಿ ಯಾರೋ ಗಿರಾಕಿ ಅಂದ್ಕೊಂಡೆ… ಪಕ್ಕದ ಮನೆ ಟೀಚರ್ ಫೋನಾ? ಹಾಂ ಹಾಂ… ಇರು, ಇದನ್ನ ಆಫ್ ಮಾಡ್ತೀನಿ. ಒಂದು ನಿಮಿಷ."

ಗುಂಡಿ ಒತ್ತಲು ನಿಮಿಷ ಬೇಕಾಗಿರಲಿಲ್ಲ. ಪ್ರಿಂಟರ್ ರಿಪೇರಿಯವನು ಫೋನನ್ನು ಬೆಂಚಿನ ಮೇಲೆ ಮಗುಚಿಟ್ಟು, ಇಂಕಿನ ಕಲೆ ಹತ್ತಿದ ಕೈಯನ್ನು ಬಟ್ಟೆಗೆ ಒರೆಸಿದ, ಇನ್ನೊಮ್ಮೆ ಒರೆಸಿದ. ನಿನ್ನೆ ಸಂಜೆಯಿಂದ ಅವನು ಈ ಕರೆಗೆ ಹೆದರಿಕೊಂಡೇ ಕೂತಿದ್ದ. ನ್ಯಾಯವಾಗಿ ಕರೆ ಮಾಡಬೇಕಾದವನು ಅವನೇ. ಮಾಡಿರಲಿಲ್ಲ.

ಅಕ್ಕ ತನ್ನ ಫೋನಿನಿಂದ ಯಾರಿಗೂ ಮಾತಾಡುತ್ತಿರಲಿಲ್ಲ. ಐದು ತಿಂಗಳಿಂದ ಆ ನಂಬರು ಸುತ್ತಲಿನ ಊರುಗಳ ಗೋಡೆ, ಕಂಬ, ಬಸ್ ನಿಲ್ದಾಣಗಳಲ್ಲಿ 'ಕಾಣೆಯಾಗಿದ್ದಾರೆ' ಎಂಬ ಕಾಗದದಲ್ಲಿ, ಭಾವನ ಫೋಟೋದ ಕೆಳಗಿತ್ತು. ಕಂಡವರು ಯಾರಾದರೂ ಕರೆ ಮಾಡಿದರೆ ಲೈನು ಬಿಡುವಾಗಿರಬೇಕು. ಅದಕ್ಕೆ ಮನೆಯವರೂ ಆ ನಂಬರಿಗೆ ಫೋನ್ ಮಾಡಕೂಡದು ಎಂದು ಅವಳೇ ಕಟ್ಟಪ್ಪಣೆ ಮಾಡಿದ್ದಳು. ಆ ಭಾವ ಇನ್ನಿಲ್ಲವೆಂದು ರಿಪೇರಿಯವನಿಗೆ ನಿನ್ನೆ ಅನುಮಾನ ಬಂದು, ಇವತ್ತು ಬೆಳಿಗ್ಗೆ ಖಾತ್ರಿಯಾಗಿತ್ತು. ಅಕ್ಕನಿಗೆ ಇನ್ನೂ ಗೊತ್ತಿರಲಿಲ್ಲ. ಹೇಳಬೇಕಾದ ಬಾಯಿ ಜಗತ್ತಿನಲ್ಲಿ ಅವನದೊಂದೇ ಇತ್ತು.

"ಹಾಂ, ಹೇಳು ಅಕ್ಕ… ಇಲ್ಲ, ಗಂಟಲು ಕಟ್ಟಿದೆ ಅಷ್ಟೇ… ಜ್ವರ ಗಿರ ಏನಿಲ್ಲ… ಊಟ ಆಯ್ತು… ಆಯ್ತು ಅಂದ್ನಲ್ಲ."

…

"ಪ್ರಿಂಟರಾ?… ಹಾಂ, ಆಗಿದೆ. ಓಡ್ತಿದೆ ಈಗ… ಕೆಂಪು ದೀಪ ಮಿಟುಕಿಸ್ತಿತ್ತಲ್ಲ, ಅದಾ? ಅದು ಒಳಗೊಂದು ಸ್ಪಂಜು ಇರುತ್ತೆ. ಹೆಡ್, ಅಂದ್ರೆ ಇಂಕು ಚಿಮ್ಮಿಸೋ ಭಾಗ, ಅದನ್ನ ತೊಳೆದ ಇಂಕೆಲ್ಲ ಹೋಗಿ ಸ್ಪಂಜಲ್ಲಿ ಸೇರುತ್ತೆ. ಅದು ತುಂಬಿದ್ರೆ ಮುಗೀತು, ಮೆಷೀನ್ ಮುಷ್ಕರ ಹೂಡುತ್ತೆ… ಬದಲಾಯಿಸಿದೆ. ಎಲ್ಲಾ ಬಿಚ್ಚಿ ತೊಳೆದಿದ್ದೀನಿ."

…

"ಹೊಸದಾ? ಹೊಸದು ಯಾಕೆ?… ಯಾರು ಹೇಳಿದ್ದು, ಕಂಪ್ಯೂಟರ್ ಅಂಗಡಿಯವನಾ?… ಅವನು ಹೇಳ್ದೆ ಇರ್ತಾನಾ, ಮಾರೋಕೆ ಕೂತಿರೋನು… ಮುನ್ನೂರಾ? ಮುನ್ನೂರು ಕಾಪಿ ಎಲ್ಲಿ ಅಂಟಿಸ್ತೀಯಾ ಅಕ್ಕ… ಹೊಳೆ ಆಚೆ ಊರುಗಳಿಗೂ ಹೋಗ್ತೀಯಾ. ಒಬ್ಳೇನಾ… ಹಾಂ… ಹಾಂ, ಒಂದು ಒಳ್ಳೇ ಪ್ರಿಂಟರ್, ಕೈಕೊಡದೆ ಇರೋದು. ಸರಿ. ಕೇಳ್ಕೋ ಮತ್ತೆ."

ಆಗಲೇ ಹೇಳಿಬಿಡಬಹುದಿತ್ತು. ಮಾತು ನಾಲಿಗೆಯ ತುದಿಯವರೆಗೆ ಬಂದದ್ದೂ ನಿಜ. ಆದರೆ ಮನೆಗೆ ಯಾವ ಪ್ರಿಂಟರ್ ಒಳ್ಳೆಯದು ಎನ್ನುವುದು ಅವನು ಗಿರಾಕಿಗಳಿಗೆ ಸಾವಿರ ಸಲ ಒಪ್ಪಿಸಿದ ಪಾಠ. ಕಣ್ಣುಮುಚ್ಚಿ ಹೇಳಬಲ್ಲ. ನಾಲಿಗೆ ತಾನಾಗಿ ಅತ್ತ ಹೊರಳಿತು, ಅವನು ಆ ಪಾಠದ ಹಿಂದೆ ಅವಿತು ಕೂತ. ಹೇಡಿತನಕ್ಕೆ ಎಷ್ಟು ಸುಲಭವಾಗಿ ಜಾಗ ಸಿಗುತ್ತದೆ ನೋಡಿ.

"ಮನೆಗೆ ಅಂದ್ರೆ ಎರಡು ಜಾತಿ ಅಕ್ಕ. ಒಂದು ಇಂಕ್ ಟ್ಯಾಂಕಿಂದು, ಇನ್ನೊಂದು ಲೇಸರ್… ಲೇಸರ್ ಅಂದ್ರೆ ಪುಡಿ. ಪುಡಿ ಒಣಗಲ್ಲ. ಆರು ತಿಂಗಳು ಮುಟ್ಟದೆ ಇಟ್ಟರೂ ಮುನಿಸಿಕೊಳ್ಳಲ್ಲ, ಒತ್ತಿದ ತಕ್ಷಣ ಕೆಲಸ ಮಾಡುತ್ತೆ. ಗೋಡೆಗೆ ಅಂಟಿಸಿದ ಮೇಲೆ ಮಳೆ ಬಿದ್ರೂ ಅಕ್ಷರ ಕರಗಲ್ಲ… ಅಲ್ವಾ? ನೀನೇ ನೋಡಿದ್ದೀಯಲ್ಲ, ಹೋದ ಸಲ ಮಳೇಲಿ ಎಲ್ಲಾ ಇಳಿದು ಹೋಗಿತ್ತು… ಆದ್ರೆ ಅದು ಕಪ್ಪು ಒಂದೇ ಕಣಕ್ಕ. ಬಣ್ಣದ ಲೇಸರೂ ಇದೆ, ಅದು ನಿನ್ನ ಮನೆ ಹೊಲಿಗೆ ಮೆಷೀನ್‌ಗಿಂತ ದಪ್ಪ, ಬಾಗಿಲೊಳಗೆ ತರೋಕೆ ನಾಲ್ಕು ಜನ ಬೇಕು…"

…

"ಹೌದು. ಬಣ್ಣ ಬೇಕೇ ಬೇಕು. ಗೊತ್ತು… ಗೊತ್ತು ಅಕ್ಕ."

…

"ಹಾಗಾದ್ರೆ ಇಂಕಿನದ್ದೇ. ಅದನ್ನ ಸಾಕೋದು ಸ್ವಲ್ಪ ಕಷ್ಟ. ವಾರಕ್ಕೊಂದು ಸಲವಾದ್ರೂ ಎಲ್ಲಾ ಬಣ್ಣ ಇರೋ ಒಂದು ಹಾಳೆ ತೆಗೀಲೇಬೇಕು. ಹೆಡ್‌ನಲ್ಲಿ ಕೂದಲಿಗಿಂತ ಸಣ್ಣ ತೂತುಗಳಿರುತ್ತೆ, ಸುಮ್ಮನೆ ಬಿಟ್ರೆ ಇಂಕು ಒಣಗಿ ಮುಚ್ಕೊಳ್ಳುತ್ತೆ… ಆಮೇಲೆ ಗೋಡೆ ಸ್ವಿಚ್ಚನ್ನ ನೇರವಾಗಿ ಆರಿಸಬೇಡ. ಮೊದ್ಲು ಪ್ರಿಂಟರ್ ಮೇಲಿನ ಗುಂಡಿ ಒತ್ತು. ಹೆಡ್ ತನ್ನ ಜಾಗಕ್ಕೆ ಹೋಗಿ ಮುಚ್ಚಳ ಹಾಕ್ಕೊಂಡು ಮಲಗುತ್ತೆ… ನಗ್ತೀಯಾ? ನಿಜ ಕಣಕ್ಕ. ಹೊದಿಕೆ ಇಲ್ಲದೆ ಮಲಗಿದ್ರೆ ಅದಕ್ಕೂ ಗಂಟಲು ಕಟ್ಟುತ್ತೆ…"

ಐದು ತಿಂಗಳಲ್ಲಿ ಅಕ್ಕನ ನಗು ಕೇಳಿದ್ದು ಇದು ಎರಡನೆಯದೋ ಮೂರನೆಯದೋ ಸಲ.

"ಹಾಳೆ ತೇವದ ಜಾಗದಲ್ಲಿ ಇಡಬೇಡ. ಹಾಕೋಕ್ ಮುಂಚೆ ಕಟ್ಟನ್ನ ಒಂದ್ಸಲ ಕೊಡವಿಕೋ, ಎರಡೆರಡು ಸೇರಿ ಹೋಗಲ್ಲ… ಮತ್ತೆ ಮುಖ್ಯವಾದದ್ದು, ನೂರು ಇನ್ನೂರು ಕಾಪಿ ತೆಗಿಯೋಕ್ ಮುಂಚೆ…"

…

"ಹಾಂ, ಇದ್ದೀನಿ. ಲೈನಲ್ಲೇ ಇದ್ದೀನಿ… ಮುಂಚೆ ಒಂದು ಪರೀಕ್ಷೆ ಹಾಳೆ ತೆಗೀಬೇಕು. ನಾಲ್ಕು ಬಣ್ಣದ ಗೆರೆ ಬರುತ್ತೆ. ಕಪ್ಪು, ನೀಲಿ, ಕೆಂಪು, ಹಳದಿ. ಒಂದು ಬಣ್ಣ ಇಲ್ಲ ಅಂದ್ರೆ ಅಲ್ಲಿಗೇ ನಿಲ್ಲಿಸ್ಬೇಕು. ಹೆಡ್ ತೊಳೀಬೇಕು. ಮುಂದಕ್ಕೆ ಹೋಗ್ಲೇಬಾರದು… ಮೊದ್ಲೇ ಯಾಕೆ ಹೇಳ್ಲಿಲ್ಲ ಅಂತೀಯಾ?… ಹೇಳಿರ್ಲಿಲ್ಲ, ಅಲ್ವಾ. ಹೌದು. ಹೇಳಿರ್ಲಿಲ್ಲ."

ರಿಪೇರಿಯವನಿಗೆ ಬೀದಿಯವರು ಇಟ್ಟ ಹೆಸರು 'ನಡೆಯುತ್ತಣ್ಣ'. ಮುರಿದ ಹಲ್ಲಿನ ಚಕ್ರ, ಸೀಳಿದ ರೋಲರು, ಅರ್ಧ ಮುಚ್ಚಿದ ಹೆಡ್ಡು, ಯಾವುದನ್ನು ತಂದು ತೋರಿಸಿದರೂ ಅವನ ಬಾಯಿಂದ ಮೊದಲು ಬರುವ ಮಾತು 'ನಡೆಯುತ್ತೆ ಬಿಡಿ'. ಆ ಮಾತಿಗೇ ಗಿರಾಕಿಗಳು ಅವನ ಅಂಗಡಿ ಹುಡುಕಿಕೊಂಡು ಬರುತ್ತಿದ್ದರು.

ಭಾವ ಟೈಲರ್. ಎರಡು ವರ್ಷದಿಂದ ಅವರಿಗೆ ಮರೆವು ಹತ್ತಿತ್ತು. ಮೊದಲು ಅಳತೆ ಮರೆತರು, ಆಮೇಲೆ ಗಿರಾಕಿಗಳನ್ನು, ಕೊನೆಗೆ ಮನೆಯ ದಾರಿಯನ್ನು. ಒಂದು ಬೆಳಿಗ್ಗೆ, ತಾವೇ ಹೊಲಿದುಕೊಂಡಿದ್ದ ಗಿಳಿಹಸಿರು ಅಂಗಿ ತೊಟ್ಟು, ದಾರ ತರುತ್ತೇನೆಂದು ಹೋದವರು ತಿರುಗಿ ಬರಲಿಲ್ಲ. ಮಾರನೆಯ ದಿನ ರಿಪೇರಿಯವನು ತನ್ನ ಅಟ್ಟದ ಮೇಲೆ ಯಾರೋ ಬಿಟ್ಟುಹೋಗಿ ತಿಂಗಳುಗಟ್ಟಲೆ ಧೂಳು ತಿಂದಿದ್ದ ಪ್ರಿಂಟರನ್ನು ಅಕ್ಕನ ಮನೆಗೆ ಹೊತ್ತು ತಂದ. ಕಾಗದದ ಒಕ್ಕಣೆಯೂ ಅವನದೇ. 'ಹಸಿರು ಅಂಗಿ ಧರಿಸಿದ್ದರು' ಎಂದು ಅಕ್ಕ ಬರೆಸಿದ್ದ ಸಾಲನ್ನು ತೆಗೆದು, ಫೋಟೋ ದೊಡ್ಡದಾಗಲಿ ಎಂದು 'ಇದೇ ಅಂಗಿ ತೊಟ್ಟಿದ್ದರು' ಎಂದಷ್ಟೇ ಮಾಡಿದ. ಮೊದಲ ಹಾಳೆ ಹೊರಬಂದಾಗ ಅಕ್ಕ ಅದನ್ನು ಕಿಟಕಿಗೆ ಹಿಡಿದು ಹೇಳಿದ್ದಳು, ಅಂಗಿ ನೀಲಿ ಬಂದಿದೆಯಲ್ಲೋ, ಮುಖವೂ ಯಾಕೋ ಕೆಂಪಗಿದೆ ಎಂದು.

ಅದಕ್ಕೆ ಅವನು ಹೇಳಿದ ಮಾತು ಈಗ ಅಕ್ಷರಕ್ಕೆ ಅಕ್ಷರ ನೆನಪಿತ್ತು. "ನಡೆಯುತ್ತೆ ಬಿಡಕ್ಕ. ಜನ ಮುಖ ನೋಡ್ತಾರೆ, ಅಂಗಿ ಅಲ್ಲ. ಭಾವ ಬೆಳ್ಳಗಾದ್ರು ಅಂತ ಖುಷಿಪಡು."

"ಏನು?… ಆ ಫೋನಾ? ನಿನ್ನ ಮನೇಲಿ ಬಡ್ಕೊಳ್ತಿದೆಯಾ?… ಹೋಗು, ಹೋಗಿ ಎತ್ತು. ಇದನ್ನ ಇಡಬೇಡ, ನಾನು ಇರ್ತೀನಿ… ಇರ್ತೀನಿ ಅಕ್ಕ."

…

ಅತ್ತ ಕಡೆ ಚಪ್ಪಲಿಯ ಸದ್ದು ದೂರವಾಯಿತು. ಟೀಚರ್ ಮನೆಯಲ್ಲಿ ಎಲ್ಲೋ ನಲ್ಲಿ ಸುರಿಯುತ್ತಿತ್ತು. ರಿಪೇರಿಯವನು ಫೋನನ್ನು ಕಿವಿಗೆ ಒತ್ತಿಕೊಂಡು ಬೆಂಚಿನ ಮೇಲಿದ್ದ ಹಾಳೆಯನ್ನು ನೋಡಿದ.

ಕೆಟ್ಟು ಅಂಗಡಿಗೆ ತಿರುಗಿ ಬಂದ ಆ ಪ್ರಿಂಟರನ್ನು ಈ ಸಲ ಅವನು ಯಾಕೆ ಅಷ್ಟು ಶ್ರದ್ಧೆಯಿಂದ ತೊಳೆದನೋ ಅವನಿಗೇ ತಿಳಿಯದು. ಬಹುಶಃ ಬೇರೆ ಕೆಲಸವಿರಲಿಲ್ಲ. ಹೆಡ್ಡನ್ನು ಬಿಚ್ಚಿ, ಬಿಸಿನೀರಲ್ಲಿ ನೆನೆಸಿ, ಸಿರಿಂಜಿನಿಂದ ಒಂದೊಂದೇ ತೂತನ್ನು ಬಿಡಿಸಿದ. ಅರ್ಧ ಗಂಟೆಯ ಮೇಲೆ ಹಳದಿ ಇಳಿಯಿತು. ಪರೀಕ್ಷೆಗೆಂದು ಅಕ್ಕನ ಪೆನ್‌ಡ್ರೈವ್‌ನಲ್ಲಿದ್ದ ಅದೇ ಕಾಗದವನ್ನು ತೆಗೆದಾಗ ಭಾವ ಗಿಳಿಹಸಿರು ಅಂಗಿಯಲ್ಲಿ, ತಮ್ಮದೇ ಎಣ್ಣೆಗಪ್ಪು ಮುಖದಲ್ಲಿ ಹೊರಗೆ ಬಂದರು. ಐದು ತಿಂಗಳು ಗೋಡೆಗಳ ಮೇಲಿದ್ದ ನೀಲಿ ಅಂಗಿ ಅವನಿಗೆ ನೆನಪಾಯಿತು. ಆದರೂ 'ಇನ್ನು ಮುಂದೆ ಸರಿಯಾಗಿ ಬರುತ್ತಲ್ಲ' ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡು ಹಾಳೆಯನ್ನು ಅಲ್ಲೇ ಬಿಟ್ಟ.

ನಿನ್ನೆ ಸಂಜೆ ಆಸ್ಪತ್ರೆಯ ಗುಮಾಸ್ತನೊಬ್ಬ ತನ್ನ ಕಚೇರಿಯ ಪ್ರಿಂಟರನ್ನು ಒಯ್ಯಲು ಬಂದ. ಆ ಆಸ್ಪತ್ರೆ ಇರುವುದು ಎರಡು ಬಸ್ ಬದಲಾಯಿಸಿ ಹೋಗಬೇಕಾದ ಊರಿನಲ್ಲಿ. ಅವನ ಕಣ್ಣು ಹಾಳೆಯ ಮೇಲೆ ನಿಂತಿತು. "ಈ ಅಂಗಿ ನಾನು ನೋಡಿದ್ದೀನಿ" ಎಂದ. "ವಾರಸುದಾರರಿಲ್ಲದ ಕೇಸು. ಮುಖ ಇರಲಿಲ್ಲ. ಕಡತದಲ್ಲಿ ಗಿಳಿಹಸಿರು ಅಂತ ನಾನೇ ಬರೆದದ್ದು." ಬೆಳಿಗ್ಗೆ ರಿಪೇರಿಯವನು ಮೊದಲ ಬಸ್ಸಿಗೇ ಹೋದ. ಗುಮಾಸ್ತ ಕಡತದ ಕೋಣೆಯಿಂದ ಒಂದು ಚೀಲ ತಂದು ಬಿಚ್ಚಿದ. ಅಂಗಿಯ ಮೂರನೇ ಗುಂಡಿ ಬೇರೆ ಇತ್ತು.

"ಹಾಂ… ಹಾಂ, ಇದ್ದೀನಿ, ಹೇಳು… ಯಾಕೆ ಹೀಗೆ ಏದುಸಿರು ಬಿಡ್ತಿದ್ದೀಯಾ… ಯಾರು? ಬಸ್ ನಿಲ್ದಾಣದ ಕ್ಯಾಂಟೀನಿನವನಾ?… ಬೆಂಚಿನ ಮೇಲೆ ಕೂತಿದ್ದಾರಂತಾ… ಬೆಳಿಗ್ಗೆಯಿಂದಾನಾ… ಮಾತಾಡಿಸಿದ್ರೆ ಉತ್ತರ ಕೊಡಲ್ಲ ಅಂತಾನಾ…"

…

"ಅಕ್ಕ, ಯಾವ ಬಣ್ಣದ ಅಂಗಿ ಅಂದ?"

…

"ನೀಲಿ."

…

"ಇಲ್ಲ, ಈಗ್ಲೇ ಹೊರಡ್ಬೇಡ… ಗೊತ್ತು, ಮೂರೂವರೆ ಬಸ್ಸು. ಬೇಡ, ಹೋಗ್ಬೇಡ… ಇಲ್ಲ, ನಾನೂ ಬರಲ್ಲ, ನೀನೂ ಹೋಗೋದು ಬೇಡ… ಯಾಕೆ ಅಂದ್ರೆ… ಅಕ್ಕ, ನಾನು ಹೇಳೋದು ಕೇಳು. ಇಲ್ಲಿವರೆಗೆ ಎಷ್ಟು ಸಲ ಹೋಗಿದ್ದೀಯಾ ಹೀಗೆ?"

…

"ಏಳು ಸಲ… ಹಾಂ, ಆ ಲಾರಿ ಡ್ರೈವರ್… ಹಾಂ, ಗಾರೆ ಕೆಲಸದವನು, ನಿದ್ದೆಯಿಂದ ಎಬ್ಬಿಸಿದ್ದಕ್ಕೆ ಬೈದನಲ್ಲ… ಗೊತ್ತು, ಎಲ್ರೂ ನೀಲಿ ಅಂಗಿ… ಜನಕ್ಕೆ ಕಣ್ಣಿಲ್ವಾ ಅಂತ ಬೈಕೊಂಡು ಬಂದಿದ್ದೆ ನೀನು. ಕಣ್ಣಿದೆ ಅಕ್ಕ. ಅವರ ಕಣ್ಣು ಸರಿಯಾಗೇ ಇದೆ."

…

"ಕೂತ್ಕೋ… ಇಲ್ಲ, ಮೊದ್ಲು ಕೂತ್ಕೋ. ಟೀಚರ್ ಇದ್ದಾರಾ ಅಲ್ಲಿ?… ಫೋನ್ ಅವರಿಗೆ ಕೊಡಬೇಡ. ನಿನಗೇ ಹೇಳ್ಬೇಕು. ಅವರು ಪಕ್ಕದಲ್ಲಿ ಇರ್ಲಿ ಅಷ್ಟೇ… ಕೂತಿದ್ದೀಯಾ?"

ಅವನಿಗೆ ಅಂಗಡಿಯ ಬಾಗಿಲು ಮುಚ್ಚಬೇಕೆನಿಸಿತು. ಎದ್ದರೆ ಮತ್ತೆ ಈ ಮಾತಿಗೆ ಬಂದು ಕೂರಲಾರೆ ಎಂದು ಭಯವಾಗಿ, ಸ್ಟೂಲಿನ ಅಂಚನ್ನು ಹಿಡಿದುಕೊಂಡ.

"ಪ್ರಿಂಟರ್ ಬೇಡ ಅಕ್ಕ… ಹೊಸದೂ ಬೇಡ, ಹಳೇದೂ ಬೇಡ. ಇನ್ನು ಪ್ರಿಂಟ್ ಮಾಡೋದೇ ಬೇಡ."

…

"ಭಾವ ಸಿಕ್ಕಿದ್ದಾರೆ ಅಂತಲ್ಲ… ಇಲ್ಲ, ಹಾಗಲ್ಲ… ಅಯ್ಯೋ, ಖುಷಿಪಡಬೇಡ ಅಕ್ಕ, ಹಾಗಲ್ಲ ನಾನು ಹೇಳ್ತಿರೋದು…"

…

"ಭಾವ ಇಲ್ಲ ಅಕ್ಕ."

…

…

"ಅಕ್ಕ?… ಇದ್ದೀಯಾ?… ಹಾಂ… ಹಾಂ, ನೋಡ್ಕೊಂಡು ಬಂದೆ. ಇವತ್ತು ಬೆಳಿಗ್ಗೆ. ಅವರನ್ನಲ್ಲ, ಅಂಗಿಯನ್ನ… ಮೂರನೇ ಗುಂಡಿ. ಕಪ್ಪು ಕೋಟಿನ ಗುಂಡಿ, ಕೆಂಪು ದಾರ. ನೀನು ಹಾಕಿದ್ದು. ಟೈಲರ್ ಹೆಂಡತಿ ಗುಂಡಿ ಹಾಕೋ ಚಂದ ನೋಡಿ ಅಂತ ಭಾವ ಎಲ್ರಿಗೂ ತೋರಿಸ್ತಿದ್ರಲ್ಲ… ಫೋಟೋದಲ್ಲಿ ಆ ಗುಂಡಿ ಇಲ್ಲ, ಫೋಟೋ ಮುಂಚಿಂದು… ಹೌದು. ತಪ್ಪಾಗೋಕೆ ಸಾಧ್ಯ ಇಲ್ಲ."

…

"ಹೊರಟ ಮೂರನೇ ದಿನ. ಹೆದ್ದಾರಿ ದಾಟುವಾಗ… ಅಲ್ಲೇ ಜೀವ ಹೋಯ್ತಂತೆ, ನರಳಲಿಲ್ಲ ಅಂತ ಹೇಳಿದ್ರು… ಆಸ್ಪತ್ರೆಗೆ ತಂದಿದ್ರು. ಹೌದು, ಅದೇ ಆಸ್ಪತ್ರೆ."

…

"ಹೌದು ಅಕ್ಕ. ನೀನು ಹೋಗಿದ್ದೆ. ಆರನೇ ದಿನ… ಕೌಂಟರ್‌ನಲ್ಲಿ ಕಾಗದ ಕೊಟ್ಟು ಬಂದಿದ್ದೆ. ಕೇಳಿದ್ದೆ, ಗೊತ್ತು… ಆ ಕಾಗದ ಅವರು ಎಸೆದಿಲ್ಲ. ಕಡತದಲ್ಲೇ ಇದೆ, ನಾನು ನೋಡಿದೆ. ಒಳಗೆ ತಗೊಂಡು ಹೋಗಿ ಪಕ್ಕದಲ್ಲಿಟ್ಟು ಹೋಲಿಸಿದ್ರಂತೆ. ಕಾಗದದಲ್ಲಿ ನೀಲಿ, ಇಲ್ಲಿ ಹಸಿರು. ಇವರಲ್ಲ ಅಂತ ಬರೆದು ಸಹಿ ಹಾಕಿದ್ದಾರೆ… ಪೊಲೀಸರ ಹತ್ರಾನೂ ಅದೇ ಕಾಗದ ಇತ್ತಲ್ಲ ಅಕ್ಕ. ನಾವು ಕೊಟ್ಟಿದ್ದೇ ಅದು."

…

"ಹದಿನೆಂಟು ದಿನ ಇಟ್ಟಿದ್ರು."

…

"ಹೌದು. ನೀನು ಹೋದ ದಿನಾನೂ ಅಲ್ಲೇ ಇದ್ರು. ಒಳಗೆ…"

ಅತ್ತ ಕಡೆಯಿಂದ ಅಳು ಬರಲಿಲ್ಲ. ಬಂದಿದ್ದರೆ ಅವನಿಗೆ ಒಂದಿಷ್ಟು ಆಸರೆಯಾಗುತ್ತಿತ್ತು, ತಾನೂ ಅತ್ತುಬಿಡುತ್ತಿದ್ದ. ಅಕ್ಕ ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಿದ್ದಳು, ಅಂಗಡಿಯಲ್ಲಿ ಬಟ್ಟೆಯ ಅಳತೆ ಕೇಳುವ ಹಾಗೆ ಸಣ್ಣ ದನಿಯಲ್ಲಿ. ಪ್ರತಿ ಪ್ರಶ್ನೆಯೂ ಇನ್ನೊಂದು ಹೆಜ್ಜೆ ಅವನ ಹತ್ತಿರ ಬರುತ್ತಿತ್ತು.

"ಆಸ್ಪತ್ರೆಯವರೇ ಮಣ್ಣು ಮಾಡಿದ್ರು. ಜಾಗ ಇದೆ, ಕಲ್ಲಿನ ಮೇಲೆ ಒಂದು ನಂಬರಿದೆ. ತೋರಿಸ್ತೀನಿ… ಕರ್ಕೊಂಡು ಹೋಗ್ತೀನಿ."

…

"ಹಸಿರು ಅಂದ್ರೆ ನೀಲಿ ಮೇಲೆ ಹಳದಿ ಅಕ್ಕ. ಆ ಮೆಷೀನ್‌ನಲ್ಲಿ ಹಳದಿ ತೂತು ಪೂರ್ತಿ ಮುಚ್ಚಿತ್ತು. ಹಳದಿ ಬರದೆ ಹೋದ್ರೆ ನೀಲಿ ಒಂದೇ ಉಳಿಯುತ್ತೆ. ಮುಖಾನೂ ಅದಕ್ಕೇ ಕೆಂಪಗೆ ಬಂದಿದ್ದು… ಎಲ್ಲಾ ಕಾಪಿನೂ. ಐದು ತಿಂಗಳ ಎಲ್ಲಾ ಕಾಪಿನೂ ಹಾಗೇ."

…

"ಹಾಂ, ಹೇಳಿದ್ದೆ… ನೀನು ಅವತ್ತೇ ಹೇಳಿದ್ದೆ, ಕಿಟಕಿ ಹತ್ರ ಹಿಡಿದು. ನೆನಪಿದೆ."

…

"ತೊಳೆಯೋಕಾ?… ಅರ್ಧ ಗಂಟೆ."

…

"ಅವತ್ತು ಅವಸರ ಇತ್ತು ಅಕ್ಕ. ಪೊಲೀಸ್ ಸ್ಟೇಷನ್ನಿಗೆ ಹೋಗ್ಬೇಕಿತ್ತು, ಕತ್ತಲಾಗೋಕ್ ಮುಂಚೆ ಅಂಟಿಸ್ಬೇಕಿತ್ತು, ನೀನೂ ಊಟ ಮಾಡಿರ್ಲಿಲ್ಲ… ಮುಖ ನೋಡಿ ಗುರುತು ಹಿಡೀತಾರೆ ಅಂದ್ಕೊಂಡೆ. ಯಾರಾದ್ರೂ ಹಾಗೇ ತಾನೆ ಅಂದ್ಕೊಳ್ಳೋದು… ಮುಖಾನೇ ಇರಲ್ಲ ಅಂತ ಯಾರಿಗೆ ಗೊತ್ತಿತ್ತು ಅಕ್ಕ…"

…

"ಏನು?… ಇನ್ನೊಂದ್ಸಲ ಹೇಳು, ಕೇಳಿಸ್ಲಿಲ್ಲ."

ಕೇಳಿಸಿತ್ತು. ಅವಳು ಬೇರೇನನ್ನೂ ಕೇಳಿರಲಿಲ್ಲ, ಅವತ್ತು ನೋಡಿದಾಗ ನಿನಗೆ ಗೊತ್ತಾಗಲಿಲ್ಲವೇನೋ ಎಂದಷ್ಟೇ ಕೇಳಿದ್ದಳು. 'ಇಲ್ಲ' ಎಂಬ ಎರಡಕ್ಷರ ಸಾಕಾಗಿತ್ತು. ಅಕ್ಕ ನಂಬುತ್ತಿದ್ದಳು. ಚಿಕ್ಕಂದಿನಿಂದ ಅವನು ಹೇಳಿದ್ದನ್ನೆಲ್ಲ ನಂಬಿದವಳು. ಬೆಂಚಿನ ಮೇಲಿನ ಹಾಳೆಯಲ್ಲಿ ಭಾವ ಹಸಿರು ಅಂಗಿ ತೊಟ್ಟು ಅವನ ಕಡೆಗೇ ನೋಡುತ್ತಿದ್ದರು.

"ಗೊತ್ತಿತ್ತು."

…

"ಗೊತ್ತಿತ್ತು ಅಕ್ಕ. ಮೊದಲ ಹಾಳೆ ನೋಡಿದಾಗಲೇ, ಹಳದಿ ಬರ್ತಿಲ್ಲ ಅಂತ. ಹದಿನೈದು ವರ್ಷದಿಂದ ಇದೇ ಕೆಲಸ ಮಾಡ್ತಿರೋನಿಗೆ ಗೊತ್ತಾಗದೆ ಇರುತ್ತಾ… ಬಿಚ್ಚೋಕೆ ಬೇಜಾರಾಯ್ತು. ನಡೆಯುತ್ತೆ ಅಂದ್ಕೊಂಡೆ."

…

"ಅಕ್ಕ… ಬೈಯಿ. ಏನಾದ್ರೂ ಅನ್ನು… ಈಗ್ಲೇ ಹೊರಟು ಬರ್ತೀನಿ, ಅಂಗಡಿ ಮುಚ್ಚಿ ಬರ್ತೀನಿ. ನೀನು ಅಲ್ಲೇ ಇರು, ಟೀಚರ್ ಮನೇಲೇ…"

…

"ಅದೇನು ಸದ್ದು?… ಆ ಫೋನಾ? ಮತ್ತೆ ಬಡ್ಕೊಳ್ತಿದೆಯಾ?… ಬಿಡು, ಬಡ್ಕೊಳ್ಲಿ… ಎಲ್ಲಿಗೆ ಹೋಗ್ತಿದ್ದೀಯಾ? ಅಕ್ಕ, ಎತ್ತಬೇಡ… ಅದನ್ನ ಎತ್ತಬೇಡ ಅಕ್ಕ, ಯಾರೋ ನೀಲಿ ಅಂಗಿ ಕಂಡಿರ್ತಾರೆ ಅಷ್ಟೇ… ಅಕ್ಕ?… ಹಲೋ?… ಹಲೋ…"